ಸಾಲುಧೂಪದ ಬೀಜ ಬಿದ್ದ ವಾರವೇ ಬಿತ್ತಬೇಕು

ಮಾನ್ಯರೇ,

ಪಶ್ಚಿಮ ಕೊಡಗಿನ ದೇವರಕಾಡುಗಳಲ್ಲಿ ಬೋಳಾದ ಜಾಗ ತುಂಬಲು ಸಾಲುಧೂಪದಷ್ಟು ಒಪ್ಪುವ ಮರಗಳು ಕಡಿಮೆ. ವನಮಹೋತ್ಸವಕ್ಕೆ ಸಿಲ್ವರ್ ಓಕ್ ಸಸಿ ಎಷ್ಟು ಬೇಕಾದರೂ ಸಿಗುತ್ತದೆ, ಸಾಲುಧೂಪದ್ದು ಹುಡುಕಬೇಕು. ಇದರ ಬೀಜವನ್ನು ಒಣಗಿಸಿ ಕೂಡಿಡಲು ಬರುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ.

ವಟೇರಿಯಾ ಇಂಡಿಕಾ ಎಂಬ ಈ ಮರ ಪಶ್ಚಿಮಘಟ್ಟಕ್ಕೇ ಸೀಮಿತವಾದ ನಿತ್ಯಹಸಿರು ಜಾತಿ. ಮಾಕುಟ್ಟ, ಬ್ರಹ್ಮಗಿರಿ, ಪುಷ್ಪಗಿರಿಯ ಮಳೆಕಾಡುಗಳ ಕಡೆಯದು. 30–40 ಮೀಟರ್ ಏರಬಲ್ಲದು. ಕುಶಾಲನಗರ, ತಿತಿಮತಿ ಕಡೆಯ ಎಲೆಯುದುರುವ ಕಾಡಿಗೆ ಮತ್ತಿ, ಹೊನ್ನೆ, ನಂದಿಯೇ ಸರಿ. ಅಲ್ಲಿ ಸಾಲುಧೂಪ ನೆಟ್ಟರೆ ಬೇಸಿಗೆಯ ಒಣಹವೆಗೆ ತಾಳುವುದು ಕಷ್ಟ. ಕರಿಧೂಪದೊಡನೆ ಇದನ್ನು ಬೆರೆಸಿಕೊಳ್ಳುವವರೂ ಇದ್ದಾರೆ. ಕರಿಧೂಪಕ್ಕೆ ಒಂದೇ ದಂಟಿನಲ್ಲಿ ಹಲವು ಕಿರುಎಲೆ, ಅಂಟು ಕಪ್ಪು. ಸಾಲುಧೂಪದ್ದು ದಪ್ಪನೆಯ ಬಿಡಿ ಎಲೆ, ಅಂಟು ತಿಳಿ ಬಣ್ಣದ್ದು. ಕುಟುಂಬವೂ ಬೇರೆ.

ಜನವರಿಯಿಂದ ಏಪ್ರಿಲ್ ನಡುವೆ ಬಿಳಿ ಹೂಗೊಂಚಲು, ನಡುವೆ ಹಳದಿ ಕೇಸರ, ಒಳ್ಳೆಯ ಪರಿಮಳ. ಜೇನು ಮುತ್ತುತ್ತದೆ. ಕಾಯಿ ಬಲಿತು ಬೀಳುವುದು ಜೂನ್–ಜುಲೈಯಲ್ಲಿ. ಸಿಪ್ಪೆ ಮೂರು ಹೋಳಾಗಿ ಬಿರಿಯುತ್ತದೆ, ಒಳಗೆ ಒಂದೇ ದಪ್ಪ ಬೀಜ. ಹತ್ತಿರದ ಬಂಧುಗಳಲ್ಲಿ ಹಲವಕ್ಕೆ ಇರುವಂತೆ ಇದರ ಕಾಯಿಗೆ ರೆಕ್ಕೆಯಿಲ್ಲ. ಹಾಗಾಗಿ ಹೆಚ್ಚಿನವು ತಾಯಿಮರದ ಬುಡದಲ್ಲೇ ಉಳಿಯುತ್ತವೆ.

ಈ ಬೀಜದ ಜೀವ ಇರುವುದು ಒಳಗಿನ ತೇವದಲ್ಲಿ. ಬಿಸಿಲಿಗೆ ಹರಡಿದರೆ, ಒಲೆಯ ಅಟ್ಟದ ಮೇಲಿಟ್ಟರೆ ಸಾಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಆಯ್ದ ಬೀಜವನ್ನು ಒದ್ದೆ ಗೋಣಿಯಲ್ಲಿ ತಂದು ಆ ವಾರವೇ ಬಿತ್ತಿ. ತೂತು ಬಿದ್ದವನ್ನು ಅಲ್ಲೇ ಬಿಡಿ, ಒಳಗೆ ಹುಳುವಿರುತ್ತದೆ. ಕಾಡುಮಣ್ಣು ತುಂಬಿದ ಉದ್ದನೆಯ ಚೀಲದಲ್ಲಿ ಬೀಜವನ್ನು ಅಡ್ಡಲಾಗಿಟ್ಟು, ಮುಚ್ಚುವಷ್ಟೇ ಮಣ್ಣು ಹಾಕಿದರೆ ಸಾಕು. ಆಗಲೇ ಮೊಳಕೆ ಒಡೆದಿದ್ದರೆ ಬೇರಿನ ತುದಿ ಮುರಿಯದಂತೆ ಕೆಳಮುಖವಾಗಿಡಿ. ದಪ್ಪ ಬೀಜದಳವನ್ನು ಕೀಳಬಾರದು. ಗಿಡದ ಮೊದಲ ತಿಂಗಳುಗಳ ಊಟ ಅದು. ಚೀಲ ನೆರಳಿನಲ್ಲಿರಲಿ, ನೀರು ಬಸಿದು ಹೋಗಲಿ. ಮುಂದಿನ ಮುಂಗಾರಿಗೇ ನೆಟ್ಟುಬಿಡಿ. ತಡಮಾಡಿದರೆ ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ನೆಡುವುದೂ ಮರಗಳ ನಡುವಿನ ಅರೆನೆರಳಿನಲ್ಲೇ. ಎಳೆ ಗಿಡದ ಎಲೆಯನ್ನು ಬಯಲಿನ ಬಿಸಿಲು ಸುಡುತ್ತದೆ.

ಬೀಜದ ಕೊಬ್ಬಿಗೆ ಬೇಡಿಕೆಯಿದೆ, ಕೋಕೋ ಬೆಣ್ಣೆಗೆ ಬದಲಾಗಿ ಮಿಠಾಯಿಗೂ ಸೇರುತ್ತದೆ. ಆಯುವವರ ಹೊಟ್ಟೆಪಾಡು ಅದು, ನಿಲ್ಲಿಸಿ ಎನ್ನಲಾಗದು. ಆದರೆ ಬುಡವನ್ನು ಪೂರ್ತಿ ಗುಡಿಸಿದರೆ ಅಲ್ಲಿ ಮರಿಗಿಡವೇ ಏಳುವುದಿಲ್ಲ. ಅಂಟಿಗಾಗಿ ಬುಡಕ್ಕೆ ಬೆಂಕಿ ಕೊಡುವುದಂತೂ ಮರವನ್ನೇ ಕೊಲ್ಲುವ ಕೆಲಸ, ಅದನ್ನು ತಡೆಯಲೇಬೇಕು. ದೇವರಕಾಡು ಸಮಿತಿಗಳು ಮರವೊಂದರ ಕೆಳಗೆ ಮೂರನೇ ಒಂದು ಪಾಲು ಬೀಜವನ್ನಾದರೂ ಮುಟ್ಟದೆ ಬಿಡುವಂತೆ ಕಟ್ಟುಪಾಡು ಮಾಡಲಿ. ಅರಣ್ಯ ಇಲಾಖೆ ಜೂನ್ ಕೊನೆಯಲ್ಲೇ ತಾಜಾ ಬೀಜವನ್ನು ಆಯಾ ಊರಿನಲ್ಲೇ ಹಂಚುವ ಏರ್ಪಾಡು ಮಾಡಲಿ.

– ಸಸ್ಯಾಸಕ್ತ ಓದುಗರು, ವಿರಾಜಪೇಟೆ