ಮಿನಿಸೋಟಾದ ಚಳಿಗೆ ಮೊದಲು ಜನರೇಟರ್ ಬಗ್ಗೆ ನಾಲ್ಕು ಮಾತು

ಶಿರಸಿ,
ಕಾರ್ತಿಕ ಮಾಸ

ಚಿ. ತಮಾ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ, ಕೊನೆಕೊಯ್ಲಿನ ಗಡಿಬಿಡಿ ಶುರುವಾಗಿದೆ.

ನಿನ್ನ ಮೋಟರ್‌ಹೋಮಿನ (ಮನೆಯಂತೆ ವಾಸ ಮಾಡಬಹುದಾದ ಗಾಡಿಯ) ಫೋಟೋ, ಅದರೊಳಗಿನ 4000 ವಾಟಿನ ಪೆಟ್ರೋಲ್ ಜನರೇಟರಿನ ಕೈಪಿಡಿ ಎರಡನ್ನೂ ನೋಡಿದೆ. ಡಿಸೆಂಬರ್ ರಜೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಡುತ್ತೀಯಂತೆ. ಅಮೆರಿಕದ ನಿನ್ನ ಮಿನಿಸೋಟಾದಲ್ಲಿ ರಾತ್ರಿ ಮೈನಸ್ 20 ಡಿಗ್ರಿ ಮುಟ್ಟುವುದುಂಟು. ನಿನಗೆ ಗೊತ್ತಿರುವ ಎಂಜಿನ್ ಎಂದರೆ ನಮ್ಮ ತೋಟದ ಪಂಪ್‌ಸೆಟ್ಟು, ಅದು ಅಂಥ ಚಳಿ ಕಂಡದ್ದಲ್ಲ. ಹಾಗಾಗಿ ಸ್ವಲ್ಪ ಉದ್ದವಾದರೂ ಸರಿ, ಪೂರ್ತಿ ಓದು.

ಮೊದಲು ಹೊಗೆಯ ವಿಷಯ, ಯಾಕೆಂದರೆ ಒಳಗೆ ಮಕ್ಕಳು ಮಲಗಿರುತ್ತಾರೆ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಚಳಿನಾಡಿನಲ್ಲಿ ಅಪಾಯ ಹೆಚ್ಚುವುದು ಹಿಮದಿಂದ. ಗಾಡಿಯ ಸುತ್ತ ಹಿಮ ಬಿದ್ದು ಅಡಿಭಾಗ ಮುಚ್ಚಿದರೆ ಸೈಲೆನ್ಸರಿನ ಹೊಗೆಗೆ ಹೊರಹೋಗಲು ದಾರಿಯಿರುವುದಿಲ್ಲ, ವೈರು ಪೈಪು ಹಾಯಿಸಲು ನೆಲದಲ್ಲಿ ಕೊರೆದ ತೂತುಗಳಿಂದ ಒಳಗೆ ಏರುತ್ತದೆ. ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಇಳಿದು ಒಂದು ಸುತ್ತು ಹಾಕು. ಪೈಪಿನ ಬಾಯಿ, ಗಾಳಿ ಒಳಹೋಗುವ ಜಾಲರಿ, ಗಾಡಿಯ ಅಡಿ, ಮೂರೂ ಕಡೆ ಹಿಮ ಸರಿಸು. ಪೈಪಿನ ತುದಿ ಗಾಡಿಯ ಅಂಚಿಗಿಂತ ಹೊರಗೆ ಚಾಚಿರಬೇಕು. ಒಳಗಿನ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಿಂಬದಿಯಲ್ಲಿ ಅದರ ಆಯುಸ್ಸು ಮುಗಿಯುವ ದಿನಾಂಕ ಇರುತ್ತದೆ. ಹಳೆಯ ಗಾಡಿ ಕೊಂಡವರು ನೋಡುವುದೇ ಇಲ್ಲ, ನೀನು ನೋಡು. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಪ್ರಯಾಣದ ಆಯಾಸ ಎಂದು ತಳ್ಳಿಹಾಕದೆ ಎಲ್ಲರನ್ನೂ ಹೊರಗೆ ಕರೆತಾ. ಮಲಗುವಾಗ ಜನರೇಟರ್ ಬಂದ್ ಇರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಸ್ಟಾರ್ಟ್ ಆಗುವ ಮಾತು. ಮೈನಸ್ 20ರಲ್ಲಿ ಜನರೇಟರ್ ಎದ್ದೀತೋ ಇಲ್ಲವೋ ಎಂಬುದು ಆ ಬೆಳಿಗ್ಗೆ ನಿರ್ಧಾರವಾಗುವುದಲ್ಲ. ಹಿಂದಿನ ರಾತ್ರಿಯ ಬ್ಯಾಟರಿ, ಹಿಂದಿನ ತಿಂಗಳ ಓಟ, ಚಳಿಗೆ ಮೊದಲು ಹಾಕಿದ ಆಯಿಲ್ಲು, ಇವು ಸೇರಿ ಆಗಲೇ ತೀರ್ಮಾನ ಮಾಡಿರುತ್ತವೆ. ಆ ಹೊತ್ತಿಗೆ ನಿಂತು ಸೆಲ್ಫ್ ಹೊಡೆಯುತ್ತಲೇ ಇದ್ದರೆ ಸ್ಟಾರ್ಟರ್ ಮೋಟರ್ ಸುಡುತ್ತದೆ ಅಷ್ಟೆ.

ಬ್ಯಾಟರಿಯಿಂದ ಶುರು ಮಾಡುತ್ತೇನೆ, ಚಳಿಯಲ್ಲಿ ಹೆಚ್ಚಿನ ತಕರಾರು ಅಲ್ಲೇ. ಲೆಡ್ ಆಸಿಡ್ ಬ್ಯಾಟರಿಯ ತಾಕತ್ತು ಮೈನಸ್ 18ರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ದಪ್ಪಗಾದ ಆಯಿಲ್ಲನ್ನು ತಿರುಗಿಸಲು ಎಂಜಿನ್ನು ಹೆಚ್ಚು ಬಲ ಕೇಳುತ್ತದೆ. ಮೇಲಿಂದ, ಮೋಟರ್‌ಹೋಮುಗಳಲ್ಲಿ ಜನರೇಟರಿನ ಸೆಲ್ಫಿಗೆ ಕರೆಂಟು ಬರುವುದು ಸಾಮಾನ್ಯವಾಗಿ ಒಳಗಿನ ದೀಪ, ಫ್ಯಾನುಗಳಿಗಿರುವ ಹೌಸ್ ಬ್ಯಾಟರಿಯಿಂದ. ರಾತ್ರಿಯಿಡೀ ಗ್ಯಾಸ್ ಹೀಟರ್ ಉರಿಯುವಾಗ ಅದರ ಫ್ಯಾನು ಓಡುವುದೂ ಅದೇ ಬ್ಯಾಟರಿಯಿಂದ. ಅಂದರೆ ಚಳಿ ಜಾಸ್ತಿ ಇದ್ದ ರಾತ್ರಿಯೇ ಬ್ಯಾಟರಿ ಹೆಚ್ಚು ಇಳಿದಿರುತ್ತದೆ, ಬೆಳಿಗ್ಗೆ ಸೆಲ್ಫಿಗೆ ಹೆಚ್ಚು ಬೇಕಾಗುವುದೂ ಆಗಲೇ. ಆದ್ದರಿಂದ ಜನರೇಟರನ್ನು ಬೆಳಿಗ್ಗೆಗಿಂತ ಸಂಜೆ ಓಡಿಸುವ ರೂಢಿ ಮಾಡಿಕೋ. ಊಟಕ್ಕೆ ಮೊದಲು ಎರಡು ತಾಸು ಓಡಿದರೆ ಬ್ಯಾಟರಿ ಬಹುಮಟ್ಟಿಗೆ ತುಂಬಿಕೊಂಡು ರಾತ್ರಿಗೆ ಸಿದ್ಧವಾಗುತ್ತದೆ.

ಒಂದು ಮಲ್ಟಿಮೀಟರ್ ತಗೊ. ಚಾರ್ಜಿಂಗ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12.0ಕ್ಕೆ ಬಂದರೆ ಚಳಿಯಲ್ಲಿ ಅದನ್ನು ನಂಬಬೇಡ. ಪೂರ್ತಿ ಇಳಿದ ಬ್ಯಾಟರಿಯೊಳಗಿನ ದ್ರವ ಮೈನಸ್ 7-8ಕ್ಕೇ ಹೆಪ್ಪುಗಟ್ಟುತ್ತದೆ, ತುಂಬಿದ ಬ್ಯಾಟರಿ ಮೈನಸ್ 50ಕ್ಕೂ ಜಗ್ಗುವುದಿಲ್ಲ. ಹೆಪ್ಪುಗಟ್ಟಿ ಹೊಟ್ಟೆ ಉಬ್ಬಿದ ಬ್ಯಾಟರಿಗೆ ಚಾರ್ಜರ್ ಹಚ್ಚಬಾರದು, ಒಡೆದು ಆಸಿಡ್ ಸಿಡಿಯುತ್ತದೆ. ಹಿಂದಿನ ಮಾಲೀಕರು ಲಿಥಿಯಂ ಬ್ಯಾಟರಿ ಹಾಕಿಸಿದ್ದರೆ ಬೇರೆ ಎಚ್ಚರಿಕೆ ಬೇಕು: ಲಿಥಿಯಂ ಐರನ್ ಫಾಸ್ಫೇಟನ್ನು ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಶಾಶ್ವತ ಹಾನಿಯಾಗುತ್ತದೆ. ಅದಕ್ಕೆ ತನ್ನದೇ ಹೀಟರ್ ಇದೆಯೋ ಎಂದು ಮೊದಲು ತಿಳಿದುಕೋ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಎಳೆದಾಡುತ್ತಿದ್ದರೆ ಕೇಬಲ್ ಪರೀಕ್ಷಿಸು. ಮೀಟರಿನ ಒಂದು ಮೊನೆ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ಬೋಲ್ಟಿಗೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಡುವಿನ ಯಾವುದೋ ಕಚ್ಚು ಸಡಿಲ ಅಥವಾ ಕಿಲುಬು. ಹಾಗೇ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಮೈಗೂ ನೋಡು. ಅರ್ತ್ ವೈರು ಚಾಸಿಗೆ ಸೇರುವ ಬೋಲ್ಟಿನಲ್ಲಿ ತುಕ್ಕು ಇದ್ದೇ ಇರುತ್ತದೆ. ಕಾರವಾರದ ಬೋಟಿನವರಿಗೆ ಉಪ್ಪುಗಾಳಿ ಮಾಡುವ ಕೆಲಸವನ್ನು ನಿನ್ನಲ್ಲಿ ರಸ್ತೆಗೆ ಸುರಿಯುವ ಉಪ್ಪು ಮಾಡುತ್ತದೆ. ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರು.

ಆಯಿಲ್ ವಿಷಯದಲ್ಲಿ ಗೊಂದಲ ಬೇಡ. ಬೇಸಿಗೆಗೆ ಹಾಕುವ 15ಡಬ್ಲ್ಯು-40 ಈಗ ತೆಗೆದು 5ಡಬ್ಲ್ಯು-30 ಹಾಕು. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಳಿಯ ಗುಣ ಹೇಳುತ್ತದೆ: 15ರ ಆಯಿಲ್ಲನ್ನು ಎಂಜಿನ್ ತಿರುಗಿಸಬಲ್ಲುದೇ ಎಂದು ಪರೀಕ್ಷಿಸುವುದು ಮೈನಸ್ 20ರಲ್ಲಿ, 5ರದ್ದನ್ನು ಮೈನಸ್ 30ರಲ್ಲಿ. ಎಂಜಿನ್ ಬಿಸಿ ಇರುವಾಗಲೇ ಹಳೆಯದನ್ನು ಇಳಿಸು. ಹಿಡಿಯುವುದು ಒಂದೂವರೆ ಲೀಟರಿನ ಆಸುಪಾಸು, ಆದರೆ ಅಳತೆಗಿಂತ ಆಯಿಲ್ ಮಟ್ಟ ತೋರಿಸುವ ಕಡ್ಡಿ (ಡಿಪ್‌ಸ್ಟಿಕ್) ನಂಬು. ಮೇಲಿನ ಗೆರೆ ದಾಟಿದರೆ ಆಯಿಲ್ಲು ಏರ್ ಫಿಲ್ಟರಿಗೆ ಎರಚಿ ಉಸಿರು ಕಟ್ಟುತ್ತದೆ. 150 ತಾಸಿಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಚಳಿಯಲ್ಲಿ ಡಿಪ್‌ಸ್ಟಿಕ್ ತೆಗೆದಾಗ ಮೂಸಿಯೂ ನೋಡು. ಪೆಟ್ರೋಲ್ ವಾಸನೆ ಬಂದರೆ ಅಥವಾ ಮುಚ್ಚಳದ ಒಳಬದಿಗೆ ಬೆಳ್ಳಗೆ ಲೋಳೆ ಕಟ್ಟಿದ್ದರೆ ಎಂಜಿನ್ನನ್ನು ಗಳಿಗೆ ಗಳಿಗೆಗೆ ಹಚ್ಚಿ ಆರಿಸಿದ್ದಾರೆ ಎಂದರ್ಥ. ಚೋಕ್ ಹಾಕಿ, ಅಂದರೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸಿ, ಓಡುವಾಗ ಉರಿಯದ ಪೆಟ್ರೋಲ್ ಪಿಸ್ಟನ್ ಪಕ್ಕದಿಂದ ಆಯಿಲ್ಲಿಗೆ ಇಳಿಯುತ್ತದೆ, ಹೊಗೆಯ ನೀರಾವಿಯೂ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಎರಡೂ ಆರಿ ಹೋಗುತ್ತವೆ. ಹತ್ತು ನಿಮಿಷ ಓಡಿಸಿ ಬಂದ್ ಮಾಡಿದರೆ ಒಳಗೇ ಉಳಿಯುತ್ತವೆ.

ಅದಕ್ಕೇ ತಿಂಗಳಿಗೊಮ್ಮೆ ಎರಡು ತಾಸು, ಅರ್ಧ ಲೋಡಿನಲ್ಲಿ ಓಡಿಸು ಎನ್ನುವುದು. ನಿನ್ನದಕ್ಕೆ ಅರ್ಧ ಲೋಡ್ ಎಂದರೆ 2000 ವಾಟ್: 1500 ವಾಟಿನ ಒಂದು ಕರೆಂಟ್ ಹೀಟರ್, ಜೊತೆಗೆ ಬ್ಯಾಟರಿ ಚಾರ್ಜರ್ ಸಾಕು. ಲೋಡ್ ಇದ್ದರೆ ವೈಂಡಿಂಗ್ (ಕರೆಂಟಿನ ತಂತಿಸುರುಳಿ) ಬಿಸಿಯಾಗಿ ತೇವ ಆರುತ್ತದೆ, ಕರೆಂಟು ದಾಟಿಸುವ ಬ್ರಶ್ಶುಗಳು ತಿರುಗುವ ಸ್ಲಿಪ್ ರಿಂಗಿನ ಮೇಲಿನ ಕಿಲುಬನ್ನು ಉಜ್ಜಿ ತೆಗೆಯುತ್ತವೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ಹೊಸ ಪೆಟ್ರೋಲ್ ಬರುತ್ತದೆ. ಕಾರ್ಬೊರೇಟರಿನಲ್ಲಿ ಹಳೆಯ ಪೆಟ್ರೋಲ್ ನಿಂತು ಆರಿದರೆ ವಾರ್ನಿಶ್ ಕಟ್ಟಿ, ಕೂದಲೆಳೆ ಹೋಗುವಷ್ಟೇ ಇರುವ ಜೆಟ್ಟಿನ ತೂತು ಮುಚ್ಚುತ್ತದೆ. ನೂರಾರು ಡಾಲರ್ ತೆತ್ತು ಕಾರ್ಬೊರೇಟರ್ ಬದಲಿಸುವವರಲ್ಲಿ ಬಹುಪಾಲು ಜನ ಹೆಚ್ಚು ಓಡಿಸಿ ಕೆಡಿಸಿದವರಲ್ಲ, ಓಡಿಸದೆ ಕೆಡಿಸಿದವರು.

ಪೆಟ್ರೋಲಿನಲ್ಲೂ ಚಳಿಗಾಲದ್ದು, ಬೇಸಿಗೆಯದ್ದು ಎಂದು ಅಲ್ಲಿ ಬೇರೆ ಬೇರೆ. ಚಳಿಗಾಲದ್ದು ಬೇಗ ಆವಿಯಾಗುತ್ತದೆ, ತಣ್ಣನೆಯ ಎಂಜಿನ್ ಹೊತ್ತಿಕೊಳ್ಳುವುದು ಆ ಆವಿಯಿಂದಲೇ. ಆಗಸ್ಟಿನಲ್ಲಿ ತುಂಬಿಸಿದ ಟ್ಯಾಂಕ್ ಇಟ್ಟುಕೊಂಡು ಡಿಸೆಂಬರಿನಲ್ಲಿ ಸೆಲ್ಫ್ ಹೊಡೆದರೆ ಕಷ್ಟ. ಹಳೆಯದನ್ನು ಗಾಡಿ ಓಡಿಸಿ ಖಾಲಿ ಮಾಡಿ ಹೊಸದು ತುಂಬಿಸು. ಇನ್ನೊಂದು, ಗಾಡಿಗೂ ಜನರೇಟರಿಗೂ ಟ್ಯಾಂಕ್ ಒಂದೇ, ಅದರಲ್ಲಿ ಕಾಲು ಭಾಗದಷ್ಟು ಪೆಟ್ರೋಲ್ ಉಳಿದಾಗಲೇ ಜನರೇಟರ್ ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ. ನೀವು ಕಾಡಿನ ನಡುವೆ ಸಿಕ್ಕಿಬೀಳಬಾರದೆಂದು ಅದರ ಪೈಪನ್ನು ಮೇಲೆ ಇಟ್ಟಿರುತ್ತಾರೆ.

ಈಗ ಸ್ಟಾರ್ಟ್ ಮಾಡುವ ಕ್ರಮ. ಹೀಟರ್, ಮೈಕ್ರೊವೇವ್ ಎಲ್ಲ ಬಂದ್ ಮಾಡು, ಜನರೇಟರಿನ ಬ್ರೇಕರ್ ಇಳಿಸು. ಆಯಿಲ್ ಮಟ್ಟ ನೋಡು. ಬ್ಯಾಟರಿ 12.2ಕ್ಕಿಂತ ಕೆಳಗಿದ್ದರೆ ಮೊದಲು ಗಾಡಿಯ ಎಂಜಿನ್ ಹಚ್ಚಿ ಇಪ್ಪತ್ತು ನಿಮಿಷ ಬಿಡು. ಡ್ಯಾಶ್‌ಬೋರ್ಡಿನಲ್ಲಿ ಎರಡೂ ಬ್ಯಾಟರಿಗಳನ್ನು ಜೋಡಿಸುವ ಗುಂಡಿ ಇದ್ದರೆ ಸೆಲ್ಫ್ ಹೊಡೆಯುವಾಗ ಒತ್ತಿ ಹಿಡಿ. ಆಮೇಲೆ ಜನರೇಟರಿನ ಸ್ಟಾಪ್ ಬದಿಯ ಗುಂಡಿ ಒತ್ತಿ ಹಿಡಿದರೆ ಪೆಟ್ರೋಲ್ ಪಂಪ್ ಟಕಟಕ ಸದ್ದು ಮಾಡುತ್ತದೆ. ಸದ್ದು ನಿಧಾನವಾಗುವವರೆಗೆ ಹಿಡಿ, ಲೈನು ತುಂಬಿತು ಎಂದರ್ಥ. ಈಗ ಸ್ಟಾರ್ಟ್ ಒತ್ತು, ಹತ್ತು-ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ. ಹಿಡಿಯದಿದ್ದರೆ ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಮೂರು ಸಲಕ್ಕೂ ಆಗದಿದ್ದರೆ ಕೈ ತೆಗೆದು ಕಾರಣ ಹುಡುಕು.

ಕಾರಣ ಹುಡುಕಲು ಕಿವಿ ಸಾಕು. ನಿಧಾನ ತಿರುಗಿದರೆ ಬ್ಯಾಟರಿ, ಕೇಬಲ್, ಆಯಿಲ್. ಚುರುಕಾಗಿ ತಿರುಗಿಯೂ ಹಿಡಿಯದಿದ್ದರೆ ಪೆಟ್ರೋಲ್, ಚೋಕ್, ಪ್ಲಗ್. ಏರ್ ಫಿಲ್ಟರ್ ತೆಗೆದು ನೋಡು, ತಣ್ಣಗಿರುವಾಗ ಚೋಕಿನ ರೆಕ್ಕೆ ಮುಚ್ಚಿರಬೇಕು. ಎಷ್ಟೋ ಸಲ ಮೇಣದಂಥ ಕೊಳೆಗೆ ಅಂಟಿ ಅರ್ಧ ತೆರೆದೇ ನಿಂತಿರುತ್ತದೆ. ಹಿಡಿದು, ಗುಂಡಿ ಬಿಟ್ಟ ಕೂಡಲೇ ನಿಂತರೆ ಆಯಿಲ್ ಮಟ್ಟ ನೋಡಿ, ಆಮೇಲೆ ಬ್ರಶ್ಶಿನ ಕಡೆ ಹೋಗು. ಕರೆಂಟು ಹುಟ್ಟಿದ್ದು ಕಾಣದಿದ್ದರೆ ಕಂಟ್ರೋಲ್ ಬೋರ್ಡೇ ಎಂಜಿನ್ ನಿಲ್ಲಿಸುತ್ತದೆ. ಕಾದ ಮೇಲೂ ಸದ್ದು ಏರಿಳಿಯುತ್ತಿದ್ದರೆ ಜೆಟ್ ಕಟ್ಟಿದೆ. ಗುಂಡಿಯ ದೀಪ ಮಿಣುಕುವ ಲೆಕ್ಕವನ್ನು ಬರೆದಿಟ್ಟುಕೊಂಡು ಕೈಪಿಡಿಯ ಪಟ್ಟಿಯಲ್ಲಿ ನೋಡು.

ಯಾರು ಎಷ್ಟೇ ಹೇಳಲಿ, ಎಂಜಿನ್ ಬೇಗ ಹೊತ್ತಲೆಂದು ಈಥರ್ ಸ್ಪ್ರೇ ಹೊಡೆಯಬೇಡ. ಸಿಲಿಂಡರಿನ ಆಯಿಲ್ಲನ್ನು ತೊಳೆದು ಹಾಕುತ್ತದೆ, ಬ್ಯಾಕ್‌ಫೈರ್ ಆದರೆ ಬೆಂಕಿ. ಆಯಿಲ್ ಪ್ಯಾನಿಗೆ ಅಂಟಿಸುವ ಕಡಿಮೆ ವಾಟಿನ ಹೀಟರ್ ಪ್ಯಾಡ್ ಸಿಗುತ್ತದೆ. ಕ್ಯಾಂಪಿನ ಕರೆಂಟು ಇರುವಲ್ಲಿ ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಎಂಜಿನ್ ಒಂದೇ ಹೊಡೆತಕ್ಕೆ ಏಳುತ್ತದೆ.

ಎದ್ದ ಮೇಲೆ ಐದು ನಿಮಿಷ, ಕಡು ಚಳಿಯಲ್ಲಿ ಹತ್ತು ನಿಮಿಷ ಲೋಡ್ ಕೊಡದೆ ಬಿಡು. ಚೋಕ್ ತೆರೆದುಕೊಳ್ಳುವವರೆಗೆ ಸ್ವಲ್ಪ ಎಳೆದಾಡುವುದು ಸಹಜ. ಆಮೇಲೆ ಬ್ರೇಕರ್ ಏರಿಸಿ ಒಂದೊಂದೇ ಉಪಕರಣ ಹಾಕು. ನಿಲ್ಲಿಸುವಾಗಲೂ ಲೋಡ್ ತೆಗೆದು ಮೂರು ನಿಮಿಷ ಓಡಿಸಿಯೇ ನಿಲ್ಲಿಸು.

ಮೈನಸ್ 20ರಲ್ಲಿ ಚೆನ್ನಾಗಿ ಓಡಿದ್ದು ಸೊನ್ನೆಯ ಆಸುಪಾಸಿನಲ್ಲಿ ಮಂಜು ಕವಿದ ದಿನ ಅರ್ಧ ತಾಸಿಗೆ ಮುಗ್ಗರಿಸಿ ನಿಂತು, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗಿ ಎದ್ದರೆ ಗಾಬರಿಯಾಗಬೇಡ. ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರ್ ಇನ್ನಷ್ಟು ತಣ್ಣಗಾಗಿ, ಒದ್ದೆ ಗಾಳಿಯ ನೀರು ಅಲ್ಲೇ ಮಂಜುಗಡ್ಡೆ ಕಟ್ಟಿದ್ದು ಅದು. ಒಣ ಚಳಿಯಲ್ಲಿ ಇದು ಕಡಿಮೆ. ಕೆಲವು ಮಾದರಿಗಳಲ್ಲಿ ಎಂಜಿನ್ ಪಕ್ಕದ ಬಿಸಿಗಾಳಿಯನ್ನು ಒಳಗೆ ಬಿಡುವ ಸನ್ನೆ ಇರುತ್ತದೆ. ನಿನ್ನದರಲ್ಲಿದ್ದರೆ ಚಳಿಗಾಲದ ಕಡೆಗೆ ತಿರುಗಿಸು, ಬೇಸಿಗೆಗೆ ಮರಳಿಸಲು ಮರೆಯಬೇಡ. ಕೊಲೊರಾಡೊದ ಬೆಟ್ಟಗಳಿಗೆ ಹೋದರೆ ಪ್ರತಿ ಸಾವಿರ ಅಡಿಗೆ ಶೇ. 3.5ರಷ್ಟು ಶಕ್ತಿ ಕಳೆಯುತ್ತದೆ. 8000 ಅಡಿಯಲ್ಲಿ ನಿನ್ನ 4000 ವಾಟ್ ಸುಮಾರು 3000 ಎಂದೇ ಲೆಕ್ಕ ಹಾಕು.

ಡೀಸೆಲ್ಲಿನದು ತಗೊಳ್ಳಬೇಕಿತ್ತೇ ಎಂದು ಕೇಳಿದ್ದೆ. ಚಳಿಗೆ ಅದೇನೂ ಸುಲಭವಲ್ಲ. ನಮ್ಮಲ್ಲಿ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುವ ಹಾಗೆ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಲಡಾಖಿಗೆಂದು ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ತರಬೇಕಾಯಿತು. ಹೀಗಾಗಿ ನಿನ್ನ ಆಯ್ಕೆಯ ಬಗ್ಗೆ ಚಿಂತೆ ಬೇಡ.

ರಜೆ ಮುಗಿಸಿ ಬಂದು ಗಾಡಿಯನ್ನು ವಸಂತದವರೆಗೆ ನಿಲ್ಲಿಸುವುದಾದರೆ ಟ್ಯಾಂಕ್ ಬಹುತೇಕ ತುಂಬಿಸಿ, ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರನ್ನು ಬಾಟಲಿಯ ಮೇಲಿನ ಅಳತೆಗೆ ಹಾಕಿ, ಅದು ಕಾರ್ಬೊರೇಟರ್ ತಲುಪುವಂತೆ ಕಾಲು ತಾಸು ಜನರೇಟರ್ ಓಡಿಸು. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಸುಮಾರು 30 ಮಿಲಿಲೀಟರ್ ಆಯಿಲ್ ಬಿಟ್ಟು, ಪ್ಲಗ್ಗಿನ ವೈರನ್ನು ಅರ್ತ್ ಮಾಡಿ, ಎರಡು ಸುತ್ತು ಸೆಲ್ಫ್ ತಿರುಗಿಸಿ ಪ್ಲಗ್ ಹಾಕು. ಬ್ಯಾಟರಿಯ ಮೈನಸ್ ತೆಗೆ. ಜನರೇಟರ್ ಪೆಟ್ಟಿಗೆಯೊಳಗೆ ಇಲಿ ಗೂಡು ಕಟ್ಟುತ್ತದೆ, ವಸಂತದಲ್ಲಿ ಹಚ್ಚುವ ಮುಂಚೆ ಬಾಗಿಲು ತೆಗೆದು ವೈರುಗಳನ್ನು ನೋಡು.

ಮುಂದಿನ ಭಾನುವಾರ ಫೋನ್ ಮಾಡುವಾಗ ಜನರೇಟರ್ ಓಡಿದ ತಾಸು ಎಣಿಸುವ ಅವರ್ ಮೀಟರಿನ ಅಂಕಿ, ರಾತ್ರಿ ಹೀಟರ್ ಓಡಿದ ಮೇಲೆ ಬೆಳಿಗ್ಗೆ ಬ್ಯಾಟರಿ ತೋರಿಸಿದ ವೋಲ್ಟು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಿಂದಿನ ದಿನಾಂಕ, ಈ ಮೂರನ್ನು ಬರೆದಿಟ್ಟುಕೊಂಡಿರು. ಅಲಾರಂ ಅವಧಿ ಮುಗಿದಿದ್ದರೆ ಭಾನುವಾರದವರೆಗೆ ಕಾಯದೆ ಇವತ್ತೇ ಹೊಸದು ತಂದು ಹಾಕು.

ಇಂತಿ ನಿನ್ನ,
ದೊಡ್ಡಪ್ಪ