ಬಲ್ಲವರ ಅಜ್ಞಾನ

ಮಾನ್ಯರೇ,

ಅಮೆರಿಕದ ಟೆಕ್ಸಾಸ್‌ನಲ್ಲಿ 2025ರಲ್ಲಿ ದಡಾರ ಇಬ್ಬರು ಮಕ್ಕಳನ್ನು ಬಲಿ ಪಡೆದಿದೆ. ಇಬ್ಬರಿಗೂ ಲಸಿಕೆ ಹಾಕಿಸಿರಲಿಲ್ಲ. 2000ದಲ್ಲೇ ಈ ರೋಗ ನಿರ್ಮೂಲನೆಯಾಯಿತೆಂದು ಘೋಷಿಸಿದ್ದ ಶ್ರೀಮಂತ ದೇಶವದು.

ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಬರೀ 12 ಮಕ್ಕಳನ್ನು ಮುಂದಿಟ್ಟುಕೊಂಡು ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂ ಎಂಬ ನರ ಬೆಳವಣಿಗೆಯ ತೊಂದರೆಗೂ ನಂಟು ಕಲ್ಪಿಸಿದರು. 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯು ತಾನು ಪ್ರಕಟಿಸಿದ್ದ ಆ ಪ್ರಬಂಧವನ್ನು ಹಿಂಪಡೆಯಿತು, ಅವರು ವೈದ್ಯ ವೃತ್ತಿಯ ನೋಂದಣಿಯನ್ನೂ ಕಳೆದುಕೊಂಡರು. ಡೆನ್ಮಾರ್ಕ್‌ನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲೂ ಅಂಥ ನಂಟು ಕಾಣಲಿಲ್ಲ. ಆದರೂ ಕಾಲೇಜು ಮೆಟ್ಟಿಲು ಹತ್ತಿದವರೇ, ಬೆರಳ ತುದಿಯಲ್ಲಿ ಮಾಹಿತಿ ಇರುವವರೇ, ‘ನಾವೇ ಸಂಶೋಧನೆ ಮಾಡಿದ್ದೇವೆ’ ಎಂದು ಹಳೆಯ ಸುಳ್ಳಿಗೆ ಜೋತುಬಿದ್ದಿದ್ದಾರೆ. ಅಕ್ಷರ ಬಾರದವರಿಗಾದರೆ ತಿಳಿ ಹೇಳಬಹುದು, ಇವರಿಗೆ ಹೇಳುವವರು ಯಾರು?

ನಾವು ನಗುವಂತಿಲ್ಲ. 2017ರ ದಡಾರ–ರುಬೆಲ್ಲಾ ಲಸಿಕೆ ಅಭಿಯಾನದ ವೇಳೆ ನಮ್ಮಲ್ಲೂ ವಾಟ್ಸ್‌ಆ್ಯಪ್ ವದಂತಿಗಳು ಹರಿದಾಡಿದ್ದವು. ಆರೋಗ್ಯ ಇಲಾಖೆಯು ವದಂತಿ ಹಬ್ಬಿದ ಮೇಲೆ ಪ್ರಕಟಣೆ ಹೊರಡಿಸುವ ಬದಲು, ಪ್ರತಿ ಅಭಿಯಾನಕ್ಕೂ ಮೊದಲೇ ಶಾಲೆಗಳ ಪೋಷಕರ ಸಭೆಗೆ ಸ್ಥಳೀಯ ವೈದ್ಯರನ್ನು ಕಳುಹಿಸಿ ಪ್ರಶ್ನೆಗಳಿಗೆ ಉತ್ತರ ಕೊಡಿಸಲಿ.

– ಓದುಗ, ಧಾರವಾಡ