ಎಳ್ಳಮಾಸಿಗೆ ಹಾಡಿನ ಸಿನಿಮಾ

ನಮ್ಮ ಸುದ್ದಿಪತ್ರದ ಸಂಚಿಕೆ ನಾಳೆ ಬೆಳಿಗ್ಗೆ ಹೋಗಬೇಕು, ಆದ್ದರಿಂದ ನೇರ ವಿಷಯಕ್ಕೆ. ಕಳೆದ ಭಜನೆಯಲ್ಲಿ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಮುಗಿಯುತ್ತಲೇ ಒಂದು ಕೂಸು "ಇದರ ವಿಡಿಯೊ ಎಲ್ಲದ?" ಅಂತ ಕೇಳಿತು. ಸಮಿತಿಗೆ ಅಷ್ಟೇ ಸಾಕಾಯಿತು. ಈ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬಕ್ಕೆ, ನಮ್ಮದೇ ಒಂದು ಚಿತ್ರ: ಐದು ಮನೆ, ಐದು ಹಾಡು, ಒಂದೊಂದಕ್ಕೆ ಆರು ನಿಮಿಷ. ಪುಟ್ಟಣ್ಣ ಕಣಗಾಲರು 1976ರ 'ಕಥಾಸಂಗಮ'ದಲ್ಲಿ ಮೂರು ಕಥೆಗಳನ್ನು ಒಂದೇ ಚಿತ್ರಕ್ಕೆ ಪೋಣಿಸಿದ್ದು ಹಿರಿಯರಿಗೆ ನೆನಪಿರಬೇಕು.

ಬರೀ ಹಾಡು ಕಳಿಸಿದರೆ ಸಾಲದು. ಅದು ಯಾವ ಕೆಲಸದೊಳಗೆ ಹುಟ್ಟಿತೋ ಆ ಕೆಲಸವೂ ಕಾಣಬೇಕು. ಬೀಸುವ ಪದವನ್ನೇ ತಗೊಳ್ಳಿ. ಎದುರುಬದುರು ಕುಂತ ಇಬ್ಬರು, ಬಲಗೈ ಗೂಟದ ಮೇಲೆ, ಎಡಗೈಯಿಂದ ಕಲ್ಲಿನ ಬಾಯಿಗೆ ಹಿಡಿಹಿಡಿ ಜೋಳ. ಒಬ್ಬಾಕಿ ಎತ್ತಿದ ಸಾಲನ್ನು ಇನ್ನೊಬ್ಬಾಕಿ ಹೇಳುವಷ್ಟರಲ್ಲಿ ಮೊದಲಿನಾಕಿ ಉಸಿರು ತಗೊಳ್ಳುತ್ತಾಳೆ. ಜೋಳ ತೀರಿದರೆ ಕಲ್ಲಿಗೆ ಕಲ್ಲು ತಾಗಿ ಸದ್ದು ಒರಟಾಗುತ್ತದೆ, ಪದ ಅಲ್ಲೇ ತಡೆಯುತ್ತದೆ. ಇನ್ನೊಂದು ಹಿಡಿ ಬಿದ್ದ ಮೇಲೆಯೇ ಮುಂದಿನ ನುಡಿ. ಅದೇ ಆಯಿಯನ್ನು ಸೋಫಾದ ಮೇಲೆ ಕೂಡಿಸಿ ಹಾಡಿಸಿ ನೋಡಿ, ಅವಸರಕ್ಕೆ ಎರಡನೇ ಸಾಲಿಗೇ ದಮ್ಮು ಹತ್ತುತ್ತದೆ. ಬೀಸುಕಲ್ಲು ಸಿಗದಿದ್ದರೆ ಕೈಗೊಂದು ಮೊರ ಕೊಟ್ಟು ಜೋಳ ಹಸನು ಮಾಡಲು ಹೇಳಿ, ಕೈ ಆಡುತ್ತಿರಲಿ. ದಯಮಾಡಿ ಹಿಂದೆ ಕೀಬೋರ್ಡ್ ಸಂಗೀತ ಸೇರಿಸಬೇಡಿ.

ಕಲಬುರಗಿ, ಬೀದರ, ಯಾದಗಿರಿ ಕಡೆ ಚಿತ್ರೀಕರಿಸುವವರು ಫೋನನ್ನು ಸೆಕೆಂಡಿಗೆ 25 ಫ್ರೇಮಿಗೆ, ಶಟರ್ 1/50ಕ್ಕೆ ಇಡಿ. ಅಮೆರಿಕದ ರೂಢಿಯಂತೆ 30ಕ್ಕೇ ಇಟ್ಟರೆ ಊರಿನ 50 ಹರ್ಟ್ಸ್ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಮಿಣುಕುವುದು ಚಿತ್ರದಲ್ಲಿ ಬೀಳುತ್ತದೆ. ಫ್ಯಾನ್ ಬಂದ್ ಮಾಡಿ. ಫೋನು ಬಾಯಿಂದ ಒಂದು ಮೊಳ ದೂರ, ತಾಳದವರು ಇನ್ನೂ ಹಿಂದೆ. ವಿಡಿಯೊ ಕಾಲ್‌ನಲ್ಲಿ ಮುದ್ರಿಸಲೇಬೇಡಿ: ಒಂದೇ ಶ್ರುತಿಯಲ್ಲಿ ನಿಲ್ಲುವ ಒಂಟಿ ತಂತಿಯ ಏಕತಾರಿ ನಾದವನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತದೆ. ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಹಳೆಯ ಕ್ಯಾಸೆಟ್ಟಿನ ಹಾಡು ಎತ್ತಬೇಡಿ; ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ.

ಜೋಗುಳ ಬಂದಿದೆ, ಚೆನ್ನೂರ ಜಲಾಲಸಾಬರ ತತ್ವಪದ ಬಂದಿದೆ. ಮೊಹರಮ್ಮಿನ ರಿವಾಯತ್ ಪದ ಮಾತ್ರ ಯಾರಿಂದಲೂ ಇಲ್ಲ. ಇಮಾಮ್ ಹುಸೇನರು ಮಡಿದ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ, ಹಿಂದೂ-ಮುಸ್ಲಿಂ ಎರಡೂ ಧರ್ಮದವರು ಕೂಡಿ ಹಾಡುವ ಸೀಮೆ ನಮ್ಮದು. ಅದಿಲ್ಲದೆ ಈ ಚಿತ್ರ ಕುಂಟು. ಯಾರ ಮುತ್ಯಾಗೆ ಬರುತ್ತದೆ, ಹೇಳಿ.

ಉಳಿದವು: ಎಳ್ಳಮಾಸಿಯ ಕಾಳು-ಸೊಪ್ಪಿನ ಪಲ್ಯ ಭಜ್ಜಿಗೆ ಫ್ರೋಜನ್ ಹಸಿ ತೊಗರಿಕಾಳು ನಡೆಯುತ್ತದೆ, ಆದರೆ ಮೆಂತ್ಯ ಸೊಪ್ಪು ತಾಜಾ ತನ್ನಿ. ಸಜ್ಜೆ ಕಡಬಿಗೆ ಮೂರು ಮನೆಯವರು ಹೆಸರು ಕೊಟ್ಟಿದ್ದಾರೆ, ಶೇಂಗಾ ಹೋಳಿಗೆಗೆ ಯಾರೂ ಇಲ್ಲ. ಮಕ್ಕಳ ಕನ್ನಡ ತರಗತಿ ಇನ್ನು ರವಿವಾರ. ವಂತಿಗೆ ಬಾಕಿ ಇದ್ದವರಿಗೆ ಗೊತ್ತೇ ಇದೆ. ಎಡಿಟಿಂಗಿಗೆ ಸದ್ಯ ಒಬ್ಬರೇ ಕೂತಿದ್ದಾರೆ, ಅವರೇ ಈ ಸುದ್ದಿಪತ್ರದ ಪುಟವನ್ನೂ ಕಟ್ಟುತ್ತಾರೆ. ವಾರಕ್ಕೆರಡು ಸಂಜೆ ಬಿಡುವಿದ್ದವರು, ಲ್ಯಾಪ್‌ಟಾಪ್ ಇದ್ದರೆ ಸಾಕು, ಉಳಿದದ್ದನ್ನು ಕಲಿಸುತ್ತೇವೆ, ದಯವಿಟ್ಟು ಫೋನ್ ಮಾಡಿ.